ಮೊದಲು ಒಗಟು, ಆಮೇಲೆ ಅಲಂಕಾರ

ಹತ್ತನೇ ತರಗತಿಯ ಕನ್ನಡ ಪರೀಕ್ಷೆ ಬರೆದವರಿಗೆಲ್ಲ ಎರಡು ಪ್ರಶ್ನೆಗಳ ಪರಿಚಯ ಇದ್ದೇ ಇರುತ್ತದೆ. ಒಂದು, ಗಾದೆಮಾತನ್ನು ವಿಸ್ತರಿಸಿ ಬರೆಯುವುದು. ಇನ್ನೊಂದು, ಕೊಟ್ಟ ವಾಕ್ಯದಲ್ಲಿರುವ ಅಲಂಕಾರವನ್ನು ಹೆಸರಿಸಿ, ಲಕ್ಷಣ ಬರೆದು, ಸಮನ್ವಯಗೊಳಿಸುವುದು. ಎರಡಕ್ಕೂ ಸಿದ್ಧ ದಾರಿಗಳಿವೆ. ಗಾದೆ ಯಾವುದೇ ಇರಲಿ, ‘ವೇದ ಸುಳ್ಳಾದರೂ ಗಾದೆ ಸುಳ್ಳಾಗದು’ ಎಂದು ಶುರು ಮಾಡಿ, ಗಾದೆಗಳು ಹಿರಿಯರ ಅನುಭವದ ಸಾರ ಎಂದು ಎರಡು ಸಾಲು ಸೇರಿಸಿ, ನಾವೂ ಹಾಗೆಯೇ ಬಾಳಬೇಕು ಎಂದು ಮುಗಿಸಿದರೆ ಉತ್ತರ ತಯಾರು. ಅಲಂಕಾರಕ್ಕೆ ಉಪಮೇಯ, ಉಪಮಾನ, ವಾಚಕಪದ, ಸಮಾನಧರ್ಮ ಎಂಬ ನಾಲ್ಕು ಮನೆ ಹಾಕಿ ವಾಕ್ಯದ ಪದಗಳನ್ನು ಅವುಗಳಲ್ಲಿ ತುಂಬಿದರೆ ಸಾಕು. ಸ್ವಂತದ ಒಂದು ಹೋಲಿಕೆ ಕಟ್ಟದೆ, ಒಂದು ಗಾದೆಯನ್ನು ತಕ್ಕ ಸಮಯದಲ್ಲಿ ಬಾಯಿಬಿಟ್ಟು ಆಡದೆ, ಈ ಎರಡೂ ಪ್ರಶ್ನೆಗಳಿಗೆ ಪೂರ್ಣ ಅಂಕ ಪಡೆಯಬಹುದು. ಇದಕ್ಕೆ ಹತ್ತನೇ ತರಗತಿಯ ಶಿಕ್ಷಕರನ್ನು ದೂರಿ ಪ್ರಯೋಜನವಿಲ್ಲ. ಹತ್ತು ವರ್ಷ ಮೊದಲೇ, ಒಂದನೇ ತರಗತಿಯಲ್ಲಿ ಆರಂಭವಾಗಬೇಕಿದ್ದ ಕೆಲಸ ನಡೆಯದೆ ಹೋದದ್ದರ ಫಲ ಅದು. ಮಾತಿನ ನೇರ ಅರ್ಥದ ಹಿಂದೆ ಇನ್ನೊಂದು ಅರ್ಥ ಇರುತ್ತದೆ ಎಂಬುದನ್ನು ಮಕ್ಕಳು ಪ್ರಾಥಮಿಕ ಶಾಲೆಯಲ್ಲೇ ಆಡಿ, ಕೇಳಿ, ಕಟ್ಟಿ ಕಲಿಯಬೇಕು. ಆ ಕಲಿಕೆಯ ಸಾಮಗ್ರಿ ಮಗುವಿನ ಮನೆಮಾತಿನಿಂದ ಬರಬೇಕು. ಅಲಂಕಾರಗಳ ಹೆಸರು, ಲಕ್ಷಣಗಳು ಪ್ರೌಢಶಾಲೆಯವರೆಗೆ ಕಾಯಬೇಕು. ಈ ಲೇಖನದ ವಾದ ಇಷ್ಟೇ.

ಈ ವಾದವನ್ನು ಒರೆಗೆ ಹಚ್ಚಲು ಮಂಗಳೂರಿನ ಪಡೀಲ್ ತಕ್ಕ ಜಾಗ. ಹೆದ್ದಾರಿ ಹಾಯುವ, ಮಂಗಳೂರು ಜಂಕ್ಷನ್ ರೈಲು ನಿಲ್ದಾಣಕ್ಕೆ ಅಂಟಿಕೊಂಡಿರುವ, 2025ರಲ್ಲಿ ಜಿಲ್ಲಾಧಿಕಾರಿ ಕಚೇರಿಯ ಹೊಸ ಸಂಕೀರ್ಣವನ್ನೂ ಪಡೆದಿರುವ ಈ ಭಾಗದಲ್ಲಿ ಜನ ಹಲವು ಕಡೆಯಿಂದ ಬಂದು ನೆಲೆಸಿದ್ದಾರೆ. ಇಂಥ ಕಡೆ ಒಂದು ಪ್ರಾಥಮಿಕ ತರಗತಿಯಲ್ಲಿ ತುಳು, ಬ್ಯಾರಿ, ಕೊಂಕಣಿ ಮನೆಮಾತಿನ ಮಕ್ಕಳು ಒಂದೇ ಬೆಂಚಿನಲ್ಲಿ ಕೂರುವುದು ಸಹಜ. ಕೆಲಸ ಅರಸಿ ಉತ್ತರ ಕರ್ನಾಟಕದಿಂದ ಬಂದ ಕುಟುಂಬಗಳ ಮಕ್ಕಳೂ ಅವರ ಜೊತೆಗಿರುತ್ತಾರೆ. 2011ರ ಜನಗಣತಿಯಲ್ಲಿ ತುಳು ತಮ್ಮ ಮಾತೃಭಾಷೆ ಎಂದವರು ದೇಶದಲ್ಲಿ ಸುಮಾರು 18.46 ಲಕ್ಷ ಮಂದಿ. ಅವರಲ್ಲಿ ದೊಡ್ಡ ಪಾಲು ದಕ್ಷಿಣ ಕನ್ನಡ, ಉಡುಪಿ ಜಿಲ್ಲೆಗಳವರು. ದಕ್ಷಿಣ ಕನ್ನಡದಲ್ಲಿ ಕನ್ನಡವೇ ಮನೆಮಾತಾಗಿರುವವರು ಅಲ್ಪಸಂಖ್ಯಾತರು. ಇಲ್ಲಿನ ಬಹುಪಾಲು ಮಕ್ಕಳಿಗೆ ಕನ್ನಡ ಬೀದಿಯಲ್ಲಿ ಕಿವಿಗೆ ಬಿದ್ದ, ಶಾಲೆಯಲ್ಲಿ ಗಟ್ಟಿಯಾಗುವ ಭಾಷೆ. ಶಾಲೆಯ ಕನ್ನಡ ನೇರ ಅರ್ಥದ ಕನ್ನಡವಾಗಿಯೇ ಉಳಿದರೆ ಆ ಭಾಷೆಯಲ್ಲಿ ಮಗುವಿಗೆ ಪ್ರಶ್ನೆಗೆ ಉತ್ತರ ಹೇಳಲು ಬಂದೀತು; ನಗಲು, ಚುಚ್ಚಲು, ಸಮಾಧಾನ ಹೇಳಲು ಬಾರದು.

ಹಾಗೆಂದು ಈ ಮಕ್ಕಳು ಬರಿಗೈಯಲ್ಲಿ ಶಾಲೆಗೆ ಬರುವುದಿಲ್ಲ. ತುಳು ಮನೆಯ ಮಗು ‘ತರೆ ತಿನೊಡ್ಚಿ’ ಎಂಬ ಬೈಗುಳವನ್ನು ಶಾಲೆ ಸೇರುವ ಮೊದಲೇ ಕೇಳಿರುತ್ತದೆ. ತಲೆಯನ್ನು ಯಾರೂ ನಿಜವಾಗಿ ತಿನ್ನುವುದಿಲ್ಲ, ಅಮ್ಮನಿಗೆ ತನ್ನ ಕಾಟ ಸಾಕಾಗಿದೆ ಎಂಬುದನ್ನು ಅದು ಯಾರ ಪಾಠವೂ ಇಲ್ಲದೆ ತಿಳಿದುಕೊಂಡಿರುತ್ತದೆ. ಕನ್ನಡದ ‘ತಲೆ ತಿನ್ನಬೇಡ’ದಲ್ಲಿ ಇರುವುದೂ ಇದೇ ಚಿತ್ರ. ‘ಉಪ್ಪು ತಿಂದಿನಾಯೆ ನೀರ್ ಪರೊಡು’ ಎಂದು ಅಜ್ಜ ಹೇಳುವುದನ್ನು ಕೇಳಿದ ಮಗುವಿಗೆ ‘ಉಪ್ಪು ತಿಂದವನು ನೀರು ಕುಡಿಯಲೇಬೇಕು’ ಎಂಬ ಕನ್ನಡ ಗಾದೆಯ ಅರ್ಥವನ್ನು ಹೊಸದಾಗಿ ವಿವರಿಸಬೇಕಿಲ್ಲ; ಎರಡೂ ಒಂದೇ ಎಂದು ಗುರುತಿಸಲು ಅವಕಾಶ ಕೊಟ್ಟರೆ ಸಾಕು. ಕೆಲವು ಚಿತ್ರಗಳು ಒಂದು ಭಾಷೆಯಲ್ಲಿ ಮಾತ್ರ ಇರುತ್ತವೆ. ಆಟಿ ತಿಂಗಳ ಬಿಸಿಲಿಗೆ ಆನೆಯ ಬೆನ್ನೂ ಒಡೆದೀತು ಎಂದು ತುಳುವರು ಹೇಳುವ ಮಾತು ಸತತ ಮಳೆಯ ನಡುವೆ ಒಮ್ಮೆಲೇ ಸುಡುವ ಬಿಸಿಲನ್ನು ಕಂಡವರಿಗೇ ಹೊಳೆಯುವಂಥದ್ದು. ಬಾಗಲಕೋಟೆಯ ಕಡೆಯಿಂದ ಬಂದ ಮಗುವಿನ ಬಳಿ ಜೋಳ, ಎತ್ತು, ಹೊಲಗಳಿಂದ ಹುಟ್ಟಿದ ಬೇರೆಯೇ ಮಾತುಗಳಿರುತ್ತವೆ. ಈ ಸಂಪತ್ತನ್ನು ಶಾಲೆಯ ಬಾಗಿಲ ಹೊರಗೆ ಇಳಿಸಿ ಬರಲು ಹೇಳಿ, ಒಳಗೆ ಬಂದ ಮೇಲೆ ಕಮಲದಂಥ ಮುಖ, ಚಂದ್ರನಂಥ ಮುಖ ಎಂಬ ಎರಡು ಹೋಲಿಕೆಗಳನ್ನು ಉರು ಹೊಡೆಸುವುದು ಇದ್ದದ್ದನ್ನೂ ಕಳೆಯುವ ಶಿಕ್ಷಣ.

ಪ್ರಾಥಮಿಕ ತರಗತಿಯಲ್ಲಿ ಈ ಕಲಿಕೆಗೆ ಒಗಟಿಗಿಂತ ಒಳ್ಳೆಯ ಮೊದಲ ಮೆಟ್ಟಿಲಿಲ್ಲ. ತುಳುವಿನಲ್ಲಿ ಎದುರುಕತೆ ಎನ್ನುವ ಈ ಆಟ ಎಲ್ಲ ಮನೆಮಾತುಗಳಲ್ಲೂ ಒಂದಲ್ಲ ಒಂದು ಹೆಸರಿನಲ್ಲಿ ಇದೆ. ತೆಂಗಿನಕಾಯಿಯ ಮೇಲಿನ ಪ್ರಸಿದ್ಧ ಒಗಟನ್ನೇ ನೋಡಿ: ಮೂರು ಕಣ್ಣುಂಟು, ಶಿವನಲ್ಲ, ಜುಟ್ಟುಂಟು, ಭಟ್ಟನಲ್ಲ, ನೀರುಂಟು, ಬಾವಿಯಲ್ಲ. ಇಲ್ಲಿ ಉಪಮಾನವನ್ನು ಎದುರಿಗಿಟ್ಟು ಉಪಮೇಯವನ್ನು ಬಚ್ಚಿಡಲಾಗಿದೆ. ಅದನ್ನು ಹುಡುಕಲು ಮಗು ಕಣ್ಣು, ಜುಟ್ಟು, ನೀರು ಎಂಬ ಪದಗಳ ನೇರ ಅರ್ಥವನ್ನು ಸಡಿಲಿಸಿ ಆಕಾರ, ಜಾಗ, ಗುಣಗಳನ್ನು ಹೋಲಿಸಿ ನೋಡಬೇಕು. ಅಷ್ಟರಲ್ಲೇ ‘ಶಿವನಲ್ಲ’, ‘ಬಾವಿಯಲ್ಲ’ ಎಂಬ ನಿರಾಕರಣೆಗಳು ಹೋಲಿಕೆಗೆ ಒಂದು ಎಲ್ಲೆ ಇದೆ ಎಂಬುದನ್ನೂ ಕಲಿಸಿಬಿಡುತ್ತವೆ: ಒಂದು ಗುಣದಲ್ಲಿ ಹೋಲುವ ಎರಡು ವಸ್ತುಗಳು ಉಳಿದ ಗುಣಗಳಲ್ಲಿ ಬೇರೆಯಾಗಿರಬಹುದು. ಸಮಾನಧರ್ಮ ಎಂಬ ಪದವನ್ನು ಬಳಸದೆಯೇ ಸಮಾನಧರ್ಮದ ತಿಳಿವಳಿಕೆ ಬಂತು. ಉತ್ತರ ಹೊಳೆದ ಮಗುವಿಗೆ ಖುಷಿ. ಹೊಳೆಯದ ಮಗು ಸೋಲೊಪ್ಪಿ ಉತ್ತರ ಕೇಳಿದಾಗ ಅದಕ್ಕೂ ಖುಷಿ. ಮುಂದಿನ ಹೆಜ್ಜೆಯಾಗಿ ಮಕ್ಕಳು ತಾವೇ ಒಗಟು ಕಟ್ಟಬಹುದು. ರೈಲಿನ ಬಗ್ಗೆ, ಕೊಡೆಯ ಬಗ್ಗೆ, ಹಲಸಿನ ಹಣ್ಣಿನ ಬಗ್ಗೆ ಹೆಸರು ಹೇಳದೆ ಸುಳಿವು ಮಾತ್ರ ಕೊಡಿ ಎಂದರೆ ಏಳು ವರ್ಷದ ಮಗುವೂ ರೂಪಕ ಕಟ್ಟುವ ಕೆಲಸಕ್ಕೆ ಇಳಿದಂತೆಯೇ.

ಇಷ್ಟು ಚಿಕ್ಕ ವಯಸ್ಸಿಗೆ ಇದು ಭಾರವಾಗದೇ ಎಂಬುದು ಮೊದಲ ಆಕ್ಷೇಪ. ಇದಕ್ಕೆ ಆಧಾರವೂ ಇದೆ. ಅಮೆರಿಕದ ಮನಶ್ಶಾಸ್ತ್ರಜ್ಞರಾದ ಎಲೆನ್ ವಿನರ್, ಹೊವಾರ್ಡ್ ಗಾರ್ಡ್ನರ್ ಮತ್ತು ಸಂಗಡಿಗರು 1976ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 6ರಿಂದ 14 ವರ್ಷದ ಮಕ್ಕಳಿಗೆ, ಬಹಳ ಕಾಲ ಜೈಲಿನಲ್ಲಿ ಕೆಲಸ ಮಾಡಿದ ಕಾವಲುಗಾರ ಅಲುಗದ ಬಂಡೆಯಾದ ಎಂಬ ಅರ್ಥದ ವಾಕ್ಯಗಳನ್ನು ಕೊಟ್ಟು ವಿವರಣೆ ಕೇಳಿದರು. ಚಿಕ್ಕ ಮಕ್ಕಳಲ್ಲಿ ಕೆಲವರು ಆತ ಮಂತ್ರದಿಂದ ಕಲ್ಲಾದ ಎಂದರು, ಕೆಲವರು ಆತ ಕೆಲಸ ಮಾಡುವ ಜೈಲಿನ ಗೋಡೆ ಕಲ್ಲಿನದು ಎಂದರು. ಮನಸ್ಸು ಕಲ್ಲಾಯಿತು ಎಂಬ ಅರ್ಥವನ್ನು ಚೆನ್ನಾಗಿ ಹೇಳಿದ್ದು ಹತ್ತು ವರ್ಷದ ಆಸುಪಾಸಿನವರು ಮತ್ತು ಅವರಿಗಿಂತ ದೊಡ್ಡವರು. ಇದನ್ನು ಓದಿದವರು ರೂಪಕದ ಪಾಠ ಐದನೇ ತರಗತಿಯ ನಂತರವೇ ಇರಲಿ ಎಂಬ ನಿರ್ಧಾರಕ್ಕೆ ಬಂದರೆ ಆಶ್ಚರ್ಯವಿಲ್ಲ. ಆದರೆ ಆ ಪ್ರಯೋಗದಲ್ಲಿ ವಾಕ್ಯ ಬಿಡಿಯಾಗಿತ್ತು, ಉತ್ತರವನ್ನು ಬಾಯಿಬಿಟ್ಟು ವಿವರಿಸಬೇಕಿತ್ತು. ಅರ್ಥವಾಗುವುದು ಬೇರೆ, ಅರ್ಥವಾದದ್ದನ್ನು ವಿವರಿಸುವುದು ಬೇರೆ. 1984ರಲ್ಲಿ ಸ್ಟೆಲ್ಲಾ ವೊಸ್ನಿಯಾಡು ಮತ್ತು ಸಂಗಡಿಗರು ಮಕ್ಕಳಿಗೆ ಪುಟ್ಟ ಕಥೆ ಹೇಳಿ, ರೂಪಕವಿರುವ ಕೊನೆಯ ವಾಕ್ಯವನ್ನು ಆಟಿಕೆಗಳಿಂದ ಆಡಿ ತೋರಿಸಲು ಕೇಳಿದರು. ಕಥೆಯಲ್ಲಿ ತಕ್ಕ ಸುಳಿವಿದ್ದಾಗ ಶಾಲೆ ಸೇರದ ಮಕ್ಕಳೂ ರೂಪಕವನ್ನು ಹಿಡಿದರು. 1989ರಲ್ಲಿ ಇಟಲಿಯ ಕ್ರಿಸ್ಟಿನಾ ಕಾಚಾರಿ, ಮರಿಯಾ ಕಿಯಾರಾ ಲೆವೊರಾಟೊ 7 ಮತ್ತು 9 ವರ್ಷದ ಮಕ್ಕಳೊಂದಿಗೆ ನುಡಿಗಟ್ಟುಗಳ ಕುರಿತು ನಡೆಸಿದ ಅಧ್ಯಯನವೂ ಕಥೆಯ ಸಂದರ್ಭ ಸಿಕ್ಕಾಗ ಮಕ್ಕಳ ಗ್ರಹಿಕೆ ಸುಧಾರಿಸುವುದನ್ನು ತೋರಿಸಿತು.

ಹೀಗಾಗಿ ಈ ಅಧ್ಯಯನಗಳು ಎಷ್ಟನೇ ವಯಸ್ಸಿಗೆ ಕಲಿಸಬೇಕು ಎಂಬುದಕ್ಕಿಂತ ಹೇಗೆ ಕಲಿಸಬೇಕು ಎಂಬುದನ್ನೇ ಹೆಚ್ಚು ಹೇಳುತ್ತವೆ. ಕಪ್ಪುಹಲಗೆಯ ಮೇಲೆ ‘ಕೈಕೊಡು’ ಎಂದು ಬರೆದು ಅದರ ಮುಂದೆ ‘ಮೋಸ ಮಾಡು’ ಎಂದು ಬರೆಯುವುದು ಬಿಡಿ ವಾಕ್ಯದ ಪ್ರಯೋಗವನ್ನೇ ಮತ್ತೆ ನಡೆಸಿದಂತೆ; ಮಗುವಿನ ನೆನಪಿಗೆ ಒಂದು ಜೋಡಿ ಪದ ಸೇರುತ್ತದೆ, ಅಷ್ಟೇ. ಅದನ್ನೇ ಒಂದು ಪುಟ್ಟ ಕಥೆಯಲ್ಲಿ ಇಡಬಹುದು. ಕಬಡ್ಡಿ ಪಂದ್ಯಕ್ಕೆ ಬರುತ್ತೇನೆ ಎಂದ ಹುಡುಗ ಬರಲಿಲ್ಲ, ಆಟಗಾರರ ಸಂಖ್ಯೆ ತುಂಬದೆ ತಂಡ ಮೈದಾನಕ್ಕೆ ಇಳಿಯಲಾಗಲಿಲ್ಲ, ನಾಯಕ ‘ಅವನು ಕೈಕೊಟ್ಟ’ ಎಂದ. ಇಷ್ಟು ಹೇಳಿ, ಅವನು ಏನು ಕೊಟ್ಟ ಎಂದು ಕೇಳಿದರೆ ತರಗತಿಯಲ್ಲಿ ಚರ್ಚೆ ಶುರುವಾಗುತ್ತದೆ. ಒಬ್ಬರು ನೇರ ಅರ್ಥವನ್ನು ಅಭಿನಯಿಸಲಿ, ಇನ್ನೊಬ್ಬರು ನಾಯಕನ ಮನಸ್ಸಿನಲ್ಲಿದ್ದುದನ್ನು ಅಭಿನಯಿಸಲಿ. ಬಂದ ಅತಿಥಿಗೆ ಕೈಕೊಟ್ಟು ಮಾತಾಡಿಸಿದ ಎಂಬಲ್ಲಿ ಅದೇ ಪದಕ್ಕೆ ಏನು ಅರ್ಥ ಎಂಬ ಪ್ರಶ್ನೆಯನ್ನೂ ಸೇರಿಸಬಹುದು. ಅರ್ಥ ಪದದೊಳಗೆ ಮಾತ್ರ ಕೂತಿರುವುದಿಲ್ಲ, ಆಡಿದವರು ಯಾರು, ಯಾವಾಗ, ಯಾಕೆ ಆಡಿದರು ಎಂಬುದರಲ್ಲೂ ಇರುತ್ತದೆ ಎಂಬ ದೊಡ್ಡ ತತ್ವ ಮಗುವಿಗೆ ಹೀಗೆ ಸಿಗುತ್ತದೆ. ಲಕ್ಷಣ ಬಾಯಿಪಾಠ ಮಾಡಿಸಿ ಇದನ್ನು ಕೊಡಲಾಗದು.

ಬಳಕೆ ಮೊದಲು, ಶಾಸ್ತ್ರ ಆಮೇಲೆ ಎಂಬುದು ಕನ್ನಡಕ್ಕೆ ಹೊಸತೇನೂ ಅಲ್ಲ. ಒಂಬತ್ತನೇ ಶತಮಾನದಲ್ಲಿ ಅಮೋಘವರ್ಷ ನೃಪತುಂಗನ ಆಸ್ಥಾನದಲ್ಲಿ ರಚನೆಯಾದ ‘ಕವಿರಾಜಮಾರ್ಗ’ ಅಲಂಕಾರಗಳನ್ನು ವಿವರವಾಗಿ ಕಲಿಸುವ ಗ್ರಂಥ. ಅದೇ ಗ್ರಂಥ ಕನ್ನಡ ನಾಡಿನ ಜನ ಓದದೆಯೇ ಕಾವ್ಯ ಬಳಸಬಲ್ಲ ಜಾಣರು ಎಂದು ಹೊಗಳಿದೆ. ಶಾಸ್ತ್ರ ಬರೆದವರೇ ಶಾಸ್ತ್ರಕ್ಕಿಂತ ಮೊದಲಿನ ಜಾಣ್ಮೆಯನ್ನು ಒಪ್ಪಿದ್ದರು. ಹನ್ನೆರಡನೇ ಶತಮಾನದ ವಚನಕಾರರಲ್ಲಿ ಅನೇಕರು ತಮ್ಮ ತಮ್ಮ ಕಾಯಕದಿಂದಲೇ ಹೋಲಿಕೆ ಆಯ್ದರು. ಅಂಬಿಗರ ಚೌಡಯ್ಯನಿಗೆ ಹೊಳೆ, ಹರಿಗೋಲುಗಳೇ ಅನುಭಾವದ ಭಾಷೆಯಾದವು. ಪಡೀಲ್ ಸುತ್ತಿನ ಮಕ್ಕಳ ಮನೆಗಳಲ್ಲಿಯೂ ಕಾಯಕಗಳಿಗೆ ಕೊರತೆಯಿಲ್ಲ. ಬೀಡಿ ಕಟ್ಟುವವರು, ಮೀನು ಮಾರುವವರು, ಬಸ್ಸು ಓಡಿಸುವವರು, ಗಾರೆ ಕೆಲಸದವರು ಇದ್ದಾರೆ. ಬೀಡಿ ಕಟ್ಟುವ ತಾಯಿಯ ಬೆರಳು ಯಾವುದರ ಹಾಗೆ ಓಡುತ್ತದೆ ಎಂದು ಮಗುವನ್ನು ಕೇಳಿ ನೋಡಬೇಕು. ಆ ಪ್ರಶ್ನೆಗೆ ಉತ್ತರ ಗೈಡಿನಲ್ಲಿ ಸಿಗುವುದಿಲ್ಲ, ಮಗುವಿನ ಕಣ್ಣಿನಲ್ಲಿದೆ. ತನ್ನ ಮನೆಯ ಕೆಲಸ ಪಾಠಕ್ಕೆ ಯೋಗ್ಯ ಎಂದು ಶಾಲೆ ಒಪ್ಪಿದ ದಿನ ಆ ಮಗುವಿಗೆ ಭಾಷೆಯ ಜೊತೆ ಮರ್ಯಾದೆಯೂ ಸಿಗುತ್ತದೆ.

ಮನೆಮಾತಿಗೆ ತರಗತಿಯಲ್ಲಿ ಜಾಗ ಕೊಟ್ಟರೆ ಕನ್ನಡ ಸೊರಗುತ್ತದೆ ಎಂಬುದು ಎರಡನೇ ಆಕ್ಷೇಪ. ಕನ್ನಡ ಕಲಿಯಲು ಸಿಗುವುದೇ ಶಾಲೆಯ ಕೆಲವು ತಾಸು, ಅದರಲ್ಲೂ ತುಳು, ಬ್ಯಾರಿ, ಕೊಂಕಣಿಗೆ ಪಾಲು ಹೋದರೆ ಹೇಗೆ ಎಂಬ ಆತಂಕ ಪ್ರಾಮಾಣಿಕವಾದದ್ದು. ಆದರೆ ಕರಾವಳಿಯ ಕನ್ನಡದ ಚರಿತ್ರೆ ಬೇರೆಯೇ ಕಥೆ ಹೇಳುತ್ತದೆ. ಕನ್ನಡ ಮಕ್ಕಳ ಸಾಹಿತ್ಯಕ್ಕೆ ಬುನಾದಿ ಹಾಕಿದವರಲ್ಲಿ ಮೊದಲಿಗರಾದ ಪಂಜೆ ಮಂಗೇಶರಾಯರು (1874–1937) ಬಂಟ್ವಾಳದವರು, ಮನೆಮಾತು ಕೊಂಕಣಿ. ಅಧ್ಯಾಪಕರೂ ಶಾಲಾ ಇನ್‌ಸ್ಪೆಕ್ಟರರೂ ಆಗಿದ್ದರು. ‘ತೆಂಕಣ ಗಾಳಿಯಾಟ’ ಪದ್ಯದಲ್ಲಿ ಅವರು ಗಾಳಿಯನ್ನು ಆಟವಾಡುವ ಜೀವವನ್ನಾಗಿ ಮಾಡಿದ್ದನ್ನು ಮಕ್ಕಳು ಯಾವ ಲಕ್ಷಣದ ಹಂಗೂ ಇಲ್ಲದೆ ತಲೆಮಾರುಗಳಿಂದ ಸವಿದಿದ್ದಾರೆ. ಕಾಸರಗೋಡಿನ ಕಯ್ಯಾರ ಕಿಞ್ಞಣ್ಣ ರೈ (1915–2015) ತುಳು ಮನೆಮಾತಿನವರು. ಕನ್ನಡದ ಕವಿಯಾಗಿ, ಅಧ್ಯಾಪಕರಾಗಿ, ಕಾಸರಗೋಡು ಕರ್ನಾಟಕಕ್ಕೆ ಸೇರಬೇಕೆಂಬ ಹೋರಾಟದ ಮುಂದಾಳಾಗಿ ಬಾಳಿದರು, ತುಳುವಿನಲ್ಲಿಯೂ ಕವನ ಬರೆದರು. ಮನೆಯಲ್ಲಿ ಇನ್ನೊಂದು ಭಾಷೆ ಇದ್ದುದು ಇವರ ಕನ್ನಡಕ್ಕೆ ಅಡ್ಡಿಯಾಗಲಿಲ್ಲ. ತರಗತಿಯಲ್ಲಿಯೂ ಮನೆಮಾತಿನ ಗಾದೆ ಪಾಠದ ಆರಂಭವಾಗಬೇಕೇ ಹೊರತು ಕೊನೆಯಲ್ಲ. ಮಗು ಬ್ಯಾರಿಯಲ್ಲಿ ಒಂದು ಮಾತು ತಂದರೆ ಅದನ್ನು ಕನ್ನಡದಲ್ಲಿ ವಿವರಿಸಬೇಕು, ಕನ್ನಡದಲ್ಲಿ ಅದಕ್ಕೆ ಹತ್ತಿರದ ಮಾತು ಹುಡುಕಬೇಕು, ಸಿಗದಿದ್ದರೆ ಕಟ್ಟಬೇಕು. ಈ ಮೂರು ಕೆಲಸಗಳೂ ನಡೆಯುವುದು ಕನ್ನಡದಲ್ಲೇ. ಪ್ರಶ್ನೋತ್ತರ ನಕಲು ಮಾಡುವುದಕ್ಕಿಂತ ಇಲ್ಲಿ ಮಗು ಬಳಸುವ ಕನ್ನಡ ಹೆಚ್ಚು.

ಶಿಕ್ಷಕರಿಗೆ ಎಲ್ಲ ಮನೆಮಾತುಗಳೂ ಬರಬೇಕಲ್ಲ ಎಂಬ ಪ್ರಶ್ನೆ ಇದರ ಬೆನ್ನಿಗೇ ಬರುತ್ತದೆ. ಘಟ್ಟದ ಮೇಲಿನಿಂದ ಬಂದು ಇಲ್ಲಿ ಕೆಲಸ ಮಾಡುವ ಶಿಕ್ಷಕರಿಗೆ ತುಳುವೇ ಹೊಸತು, ಬ್ಯಾರಿ ಇನ್ನೂ ದೂರ. ಆದರೆ ಈ ವಿಧಾನದಲ್ಲಿ ಶಿಕ್ಷಕರು ಆ ಭಾಷೆಯನ್ನು ಕಲಿಸಬೇಕಿಲ್ಲ, ಮಗುವನ್ನು ಕೇಳಬೇಕು. ನಿಮ್ಮ ಮನೆಯಲ್ಲಿ ಇದಕ್ಕೆ ಏನು ಹೇಳುತ್ತಾರೆ, ಯಾರು ಹೇಳುತ್ತಾರೆ, ಯಾವ ಸಂದರ್ಭದಲ್ಲಿ ಹೇಳುತ್ತಾರೆ ಎಂಬ ಮೂರು ಪ್ರಶ್ನೆ ಸಾಕು. ಒಂದು ವಿಷಯದಲ್ಲಾದರೂ ಮಗು ಬಲ್ಲವನಾಗಿ, ಶಿಕ್ಷಕರು ಕೇಳುವವರಾಗಿ ನಿಲ್ಲುವುದು ತರಗತಿಗೆ ಒಳ್ಳೆಯದು. ಖಚಿತಪಡಿಸಿಕೊಳ್ಳಲು ಆಕರಗಳೂ ಇವೆ. ಬಾಸೆಲ್ ಮಿಶನ್ನಿನ ಫರ್ಡಿನಾಂಡ್ ಕಿಟ್ಟೆಲ್ ಅವರ ನಿಘಂಟು 1894ರಲ್ಲಿ ಪ್ರಕಟವಾದದ್ದು ಮಂಗಳೂರಿನಲ್ಲೇ. ಪದಗಳ ಬಳಕೆ ತೋರಿಸಲು ಅವರು ಹೆಜ್ಜೆಹೆಜ್ಜೆಗೂ ಗಾದೆಗಳನ್ನು ಉದಾಹರಿಸಿದ್ದಾರೆ. ಉಡುಪಿಯ ಗೋವಿಂದ ಪೈ ಸಂಶೋಧನ ಕೇಂದ್ರ ಹೊರತಂದ ಆರು ಸಂಪುಟಗಳ ‘ತುಳು ನಿಘಂಟು’ ನುಡಿಗಟ್ಟು, ಗಾದೆಗಳ ದೊಡ್ಡ ಭಂಡಾರ. ತುಳು, ಕೊಂಕಣಿ, ಬ್ಯಾರಿ ಅಕಾಡೆಮಿಗಳು ಮೂರೂ ಮಂಗಳೂರಿನಲ್ಲೇ ಇವೆ. ಇವು ಒಟ್ಟಾಗಿ ಪ್ರಾಥಮಿಕ ಶಾಲೆಗಳಿಗೆಂದು ಒಗಟು, ಗಾದೆ, ನುಡಿಗಟ್ಟುಗಳ ಒಂದು ಕೈಪಿಡಿಯನ್ನು ಕನ್ನಡ ಸಮಾನಾರ್ಥಗಳೊಂದಿಗೆ ತಂದರೆ ಅದಕ್ಕೆ ದೊಡ್ಡ ಖರ್ಚೇನೂ ಬೀಳದು.

ಮೂರನೆಯ ಆಕ್ಷೇಪ ಎಲ್ಲಕ್ಕಿಂತ ಗಟ್ಟಿಯಾದದ್ದು. ಮಕ್ಕಳ ಕಲಿಕೆಯ ಮಟ್ಟವನ್ನು ಅಳೆಯುವ ಅಸರ್ ಸಮೀಕ್ಷಾ ವರದಿಗಳು ವರ್ಷದಿಂದ ವರ್ಷಕ್ಕೆ ಹೇಳುತ್ತಿರುವಂತೆ, ಐದನೇ ತರಗತಿಯ ಅನೇಕ ಮಕ್ಕಳಿಗೆ ಎರಡನೇ ತರಗತಿಯ ಪಠ್ಯ ಓದಲು ಬರುವುದಿಲ್ಲ. ಮೂರನೇ ತರಗತಿಯೊಳಗೆ ಓದು, ಲೆಕ್ಕದ ಬುನಾದಿ ಗಟ್ಟಿಯಾಗಬೇಕೆಂದು 2021ರಲ್ಲಿ ‘ನಿಪುಣ್ ಭಾರತ್’ ಯೋಜನೆಯೂ ಬಂತು. ಅಕ್ಷರ ಕೂಡಿಸಲು ಬಾರದ ಮಗುವಿಗೆ ರೂಪಕ ಯಾಕೆ ಎಂದು ಕೇಳುವುದು ಸಹಜ. ಆದರೆ ಒಗಟು, ಗಾದೆಗಳು ಬಾಯಿಮಾತಿನ ಕಲಿಕೆ. ಅವಕ್ಕೆ ಅಕ್ಷರ ಗೊತ್ತಿರಬೇಕಿಲ್ಲ. ಓದಿನಲ್ಲಿ ಹಿಂದುಳಿದ ಮಗುವೂ ತಲೆ ಎತ್ತಿ ಭಾಗವಹಿಸಬಲ್ಲ ಕೆಲವೇ ಚಟುವಟಿಕೆಗಳಲ್ಲಿ ಇದು ಒಂದು. ಓದು ಎಂದರೆ ಅಕ್ಷರವನ್ನು ಧ್ವನಿಯಾಗಿಸುವುದಷ್ಟೇ ಅಲ್ಲ; ಓದಿದ್ದರಲ್ಲಿ ಅರ್ಥ ಹುಡುಕುವ ಹಸಿವೂ ಬೇಕು. ಆ ಹಸಿವನ್ನು ಒಗಟು ಹುಟ್ಟಿಸುತ್ತದೆ. ಹೆಗ್ಗಡದೇವನಕೋಟೆಯಲ್ಲಿ 1995ರಲ್ಲಿ ಆರಂಭವಾಗಿ ರಾಜ್ಯಕ್ಕೆಲ್ಲ ಹರಡಿದ ‘ನಲಿ ಕಲಿ’ ಪದ್ಧತಿಯಲ್ಲಿ ಒಂದರಿಂದ ಮೂರನೇ ತರಗತಿಯ ಮಕ್ಕಳು ಗುಂಪುಗಳಲ್ಲಿ, ಆಟ ಹಾಡುಗಳ ಮೂಲಕ ಕಲಿಯುತ್ತಾರೆ. ದಿನಕ್ಕೆ ಹತ್ತು ನಿಮಿಷದ ಒಗಟಿನ ಆಟಕ್ಕೆ ಅಲ್ಲಿ ಜಾಗ ಮಾಡುವುದು ಕಷ್ಟವಲ್ಲ.

ಇನ್ನೂ ಒಂದು ಮಾತಿದೆ. ರೂಪಕ ಭಾಷೆಯ ಪಾಠದೊಳಗೆ ಮಾತ್ರ ಉಳಿಯುವುದಿಲ್ಲ. ವಿಜ್ಞಾನದ ಪುಸ್ತಕ ತೆರೆದರೆ ಆಹಾರ ಸರಪಳಿ, ಆಹಾರ ಜಾಲ, ವಿದ್ಯುತ್ ಪ್ರವಾಹ, ಹಸಿರುಮನೆ ಪರಿಣಾಮ ಎದುರಾಗುತ್ತವೆ. ಹುಲ್ಲು, ಮಿಡತೆ, ಕಪ್ಪೆ, ಹಾವುಗಳ ನಡುವೆ ಕಬ್ಬಿಣದ ಕೊಂಡಿಯಿಲ್ಲ. ತಂತಿಯೊಳಗೆ ನೀರು ಹರಿಯುವುದಿಲ್ಲ. ಭೂಮಿಯ ಸುತ್ತ ಗಾಜಿನ ಮನೆಯಿಲ್ಲ. ಪ್ರತಿಯೊಂದರಲ್ಲೂ ಗೊತ್ತಿರುವ ಒಂದು ವಸ್ತುವಿನಿಂದ ಗೊತ್ತಿಲ್ಲದ ಒಂದು ವ್ಯವಸ್ಥೆಯ ಕಡೆಗೆ ಮಗು ದಾಟಬೇಕು, ದಾಟುವಾಗ ಯಾವ ಗುಣವನ್ನು ಜೊತೆಗೆ ಒಯ್ಯಬೇಕು, ಯಾವುದನ್ನು ಹಿಂದೆ ಬಿಡಬೇಕು ಎಂಬುದು ತಿಳಿದಿರಬೇಕು. ಸರಪಳಿಯ ಒಂದು ಕೊಂಡಿ ಕಳಚಿದರೆ ಉಳಿದದ್ದೂ ಬಿಡಿಯಾಗುತ್ತದೆ ಎಂಬ ಗುಣ ಬೇಕು, ಕಬ್ಬಿಣ ಬೇಡ. ತೆಂಗಿನಕಾಯಿಯ ಒಗಟಿನಲ್ಲಿ ಮಗು ಕಲಿತದ್ದೂ ಇದನ್ನೇ. ಸಂವಿಧಾನದ ಆಧಾರಸ್ತಂಭ, ಪ್ರಜೆಗಳ ಧ್ವನಿ, ಅಧಿಕಾರದ ವಿಕೇಂದ್ರೀಕರಣ ಎಂಬ ಸಮಾಜ ಪಾಠದ ಮಾತುಗಳೂ ಇದೇ ದಾರಿಯಲ್ಲಿ ಬರುತ್ತವೆ. ಭಾಷಾವಿಜ್ಞಾನಿ ಜಾರ್ಜ್ ಲೇಕಾಫ್, ತತ್ವಶಾಸ್ತ್ರಜ್ಞ ಮಾರ್ಕ್ ಜಾನ್ಸನ್ 1980ರಲ್ಲಿ ಬರೆದ ಪ್ರಸಿದ್ಧ ಗ್ರಂಥದ ಸಾರವೂ ಇದು: ರೂಪಕ ಕವಿಗಳ ಒಡವೆ ಮಾತ್ರವಲ್ಲ, ದಿನನಿತ್ಯದ ಆಲೋಚನೆಯೇ ಅದರ ಮೇಲೆ ನಿಂತಿದೆ. ಹಾಗಿರುವಾಗ ಇದನ್ನು ಬುನಾದಿ ಮುಗಿದ ಮೇಲಿನ ಸಿಂಗಾರ ಎಂದು ಮುಂದೂಡುವುದು ಸರಿಯಲ್ಲ. ಇದೂ ಬುನಾದಿಯ ಭಾಗ.

ಗಾದೆಗಳಲ್ಲಿ ವಿಷವೂ ಇದೆ ಎಂಬ ನಾಲ್ಕನೇ ಆಕ್ಷೇಪವನ್ನು ಗಾದೆಯನ್ನು ಪ್ರೀತಿಸುವವರೇ ಹೆಚ್ಚು ಗಂಭೀರವಾಗಿ ತೆಗೆದುಕೊಳ್ಳಬೇಕು. ಹೆಣ್ಣನ್ನು ಕೀಳಾಗಿ ಕಾಣುವ, ಜಾತಿಯ ಹೆಸರು ಹಿಡಿದು ಹಂಗಿಸುವ, ಅಂಗವಿಕಲರನ್ನು ಗೇಲಿ ಮಾಡುವ ಗಾದೆಗಳು ನಮ್ಮ ಎಲ್ಲ ಭಾಷೆಗಳಲ್ಲೂ ಇವೆ. ಮನೆಯಿಂದ ಗಾದೆ ತನ್ನಿ ಎಂದರೆ ಅವೂ ಬಂದೇ ಬರುತ್ತವೆ, ಪಕ್ಕದಲ್ಲಿ ಕುಳಿತ ಮಗುವನ್ನು ನೋಯಿಸುತ್ತವೆ. ಹೀಗಾಗಿ ಒಂದರಿಂದ ಐದನೇ ತರಗತಿಯವರೆಗೆ ಶಿಕ್ಷಕರು ಆಯ್ದು ಬಳಸುವುದೇ ಸರಿ. ಮಕ್ಕಳು ತಂದದ್ದನ್ನು ತರಗತಿಯಲ್ಲಿ ಹೇಳುವ ಮೊದಲು ಶಿಕ್ಷಕರಿಗೆ ತಿಳಿಸುವ ಕ್ರಮ ಇರಬೇಕು. ಆರು, ಏಳನೇ ತರಗತಿಯಲ್ಲಿ ಮಾತ್ರ ಈ ಪ್ರಶ್ನೆಯನ್ನೇ ಪಾಠವಾಗಿಸಬಹುದು: ಈ ಗಾದೆಯನ್ನು ಯಾರು ಯಾರ ಬಗ್ಗೆ ಹೇಳಿದ್ದಾರೆ, ಅವರಿಗೆ ಇದನ್ನು ಕೇಳಿ ಹೇಗೆ ಅನಿಸಿರಬಹುದು, ಇದು ನಿಜವೇ? ಗಾದೆ ಸುಳ್ಳಾಗದು ಎಂಬ ವಾಕ್ಯವನ್ನು ಕಣ್ಣುಮುಚ್ಚಿ ಬರೆಯುವ ವಿದ್ಯಾರ್ಥಿಗಿಂತ, ಈ ಗಾದೆ ಸುಳ್ಳು ಎಂದು ಕಾರಣ ಕೊಡಬಲ್ಲ ವಿದ್ಯಾರ್ಥಿ ಗಾದೆಯನ್ನು ಹೆಚ್ಚು ಆಳವಾಗಿ ತಿಳಿದಿದ್ದಾನೆ. ಹೋಲಿಕೆಯೊಂದು ಜನರನ್ನು ಹೇಗೆ ಕುಗ್ಗಿಸಬಲ್ಲದು ಎಂಬುದನ್ನು ಶಾಲೆಯಲ್ಲಿ ಅರಿತ ಮಗು ಮುಂದೆ ರಾಜಕೀಯ ಭಾಷಣದಲ್ಲಿ, ಮೊಬೈಲಿನಲ್ಲಿ ಹರಿದಾಡುವ ಸಂದೇಶದಲ್ಲಿ ಅಂಥ ಹೋಲಿಕೆ ಬಂದಾಗ ಸುಲಭವಾಗಿ ಮರುಳಾಗುವುದಿಲ್ಲ.

ಇಂಗ್ಲಿಷ್ ಮಾಧ್ಯಮದ ಶಾಲೆಗಳಿಗೂ ಈ ಮಾತು ಅನ್ವಯಿಸುತ್ತದೆ. ಅಲ್ಲಿ ನುಡಿಗಟ್ಟುಗಳ ಪಟ್ಟಿಯನ್ನೇ ಕೊಟ್ಟು ಅರ್ಥ ಉರು ಹೊಡೆಸುವುದು ಸಾಮಾನ್ಯ. ವರ್ಷಕ್ಕೆ 3,500 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ ಊರಿನ ಮಗು ಬೆಕ್ಕು ನಾಯಿಗಳು ಸುರಿಯುವ ಪರದೇಶದ ಮಳೆಯನ್ನು ಬರೆಯಲು ಕಲಿಯುತ್ತದೆ. ಆಕಾಶಕ್ಕೆ ತೂತು ಬಿದ್ದ ಹಾಗೆ, ಕೊಡದಲ್ಲಿ ಮೊಗೆದು ಹುಯ್ದ ಹಾಗೆ, ಒನಕೆಯಂಥ ಧಾರೆಯಾಗಿ ಸುರಿಯುವ ತನ್ನೂರಿನ ಮಳೆಗೆ ಅದರ ಬಾಯಲ್ಲಿ ಮಾತಿರುವುದಿಲ್ಲ. ಇಂಗ್ಲಿಷಿನ ನುಡಿಗಟ್ಟು ಕಲಿಯಲೇಬೇಕು. ಆದರೆ ಒಂದು ಭಾಷೆಯಲ್ಲಿ ಚಿತ್ರದಿಂದ ಅರ್ಥಕ್ಕೆ ದಾಟಿ ಅಭ್ಯಾಸವಾದ ಮಗುವಿಗೆ ಇನ್ನೊಂದು ಭಾಷೆಯಲ್ಲಿ ದಾಟುವುದು ಸುಲಭ. ಮನೆಯ ಮಳೆಯಿಂದ ಆರಂಭಿಸಿ ಪರದೇಶದ ಮಳೆಗೆ ಹೋದರೆ ಎರಡೂ ನೆನಪಿನಲ್ಲಿ ನಿಲ್ಲುತ್ತವೆ.

ಪರೀಕ್ಷೆಯಲ್ಲಿ ಇದನ್ನು ಅಳೆಯುವುದು ಹೇಗೆ ಎಂಬುದು ಉಳಿದ ಪ್ರಶ್ನೆ. ಪ್ರಾಥಮಿಕ ಹಂತದಲ್ಲಿ ಅಂಕದ ಅಗತ್ಯವೇ ಇಲ್ಲ. ಮಗು ಒಗಟು ಕಟ್ಟಿತೇ, ನುಡಿಗಟ್ಟನ್ನು ತಕ್ಕ ಜಾಗದಲ್ಲಿ ಆಡಿತೇ ಎಂಬುದನ್ನು ಶಿಕ್ಷಕರು ಗಮನಿಸಿ ಬರೆದಿಟ್ಟರೆ ಸಾಕು. ಹತ್ತನೇ ತರಗತಿಯ ಪ್ರಶ್ನೆ ಮಾತ್ರ ಬದಲಾಗಬೇಕು. ಗಾದೆಯನ್ನು ವಿಸ್ತರಿಸಿ ಎನ್ನುವ ಬದಲು, ಈ ಗಾದೆ ಒಪ್ಪುವ ಒಂದು ಸಂದರ್ಭವನ್ನೂ ಒಪ್ಪದ ಒಂದು ಸಂದರ್ಭವನ್ನೂ ಬರೆಯಿರಿ ಎಂದರೆ ಸಿದ್ಧ ಉತ್ತರಗಳ ಗೈಡು ಕೆಲಸಕ್ಕೆ ಬಾರದು. ಅಲಂಕಾರವನ್ನು ಹೆಸರಿಸಿ ಎನ್ನುವುದರ ಜೊತೆಗೆ, ನಿಮ್ಮ ಊರಿನ ಒಂದು ವಸ್ತುವನ್ನು ಉಪಮಾನವಾಗಿಸಿ ಒಂದು ವಾಕ್ಯ ಕಟ್ಟಿ ಎಂದರೆ ಲಕ್ಷಣದ ತಿಳಿವಳಿಕೆಯೂ ತಿಳಿಯುತ್ತದೆ, ಬಳಕೆಯೂ ತಿಳಿಯುತ್ತದೆ. ಪ್ರೌಢಶಾಲೆಯಲ್ಲಿ ಅಲಂಕಾರ ಕಲಿಸುವ ಶಿಕ್ಷಕರಿಗೂ ಇದರಿಂದ ಹಗುರ. ಏಳು ವರ್ಷ ಹೋಲಿಕೆಯೊಂದಿಗೆ ಆಡಿ ಬಂದ ಮಗುವಿಗೆ ಉಪಮೆ, ರೂಪಕ, ದೃಷ್ಟಾಂತ ಎಂಬ ಹೆಸರುಗಳು ತಾನು ಬಲ್ಲ ವಸ್ತುಗಳ ಹೆಸರುಗಳಾಗಿ ಕಾಣುತ್ತವೆ, ಮರೆತೂ ಹೋಗುವುದಿಲ್ಲ.

ಇದಕ್ಕೆ ಹೊಸ ಪಠ್ಯಪುಸ್ತಕ, ಹೊಸ ಹುದ್ದೆ, ಹೊಸ ಕಟ್ಟಡ ಯಾವುದೂ ಬೇಕಿಲ್ಲ. ಮಂಗಳೂರಿನ ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆ (ಡಯಟ್) ತನ್ನ ಶಿಕ್ಷಕ ತರಬೇತಿಯಲ್ಲಿ ಒಂದು ದಿನವನ್ನು ಒಗಟು ಮತ್ತು ನುಡಿಗಟ್ಟಿನ ಪಾಠಕ್ಕೆ ಮೀಸಲಿಡಲಿ. ಮೂರು ಅಕಾಡೆಮಿಗಳು ಕೈಪಿಡಿ ತರಲಿ. ಶಾಲೆಗಳು ತಿಂಗಳಿಗೊಮ್ಮೆ ಊರಿನ ಒಬ್ಬ ಹಿರಿಯರನ್ನು, ಸಾಧ್ಯವಿದ್ದಲ್ಲಿ ಒಬ್ಬ ತಾಳಮದ್ದಳೆ ಅರ್ಥಧಾರಿಯನ್ನು ತರಗತಿಗೆ ಕರೆಯಲಿ. ಮಾತಿಗೆ ಮಾತು ಹೊಸೆದು ಕ್ಷಣಾರ್ಧದಲ್ಲಿ ಉಪಮೆ ಕಟ್ಟುವ ಆ ಕಲೆ ಈ ಜಿಲ್ಲೆಯಲ್ಲಿ ಇನ್ನೂ ಜೀವಂತವಾಗಿದೆ. ಕನ್ನಡ ಮನೆಮಾತಲ್ಲದ ಮಕ್ಕಳೇ ಹೆಚ್ಚಿರುವ ಪಡೀಲ್‌ನಂಥ ಕಡೆ ಇದು ಯಶಸ್ವಿಯಾದರೆ ಬಳ್ಳಾರಿಯ ತೆಲುಗು ಮನೆಗಳ, ಬೆಳಗಾವಿಯ ಮರಾಠಿ ಮನೆಗಳ, ಬೀದರಿನ ಉರ್ದು ಮನೆಗಳ ಮಕ್ಕಳಿಗೂ ಇದೇ ದಾರಿ ತೆರೆಯುತ್ತದೆ. ಒಂದು ಭಾಷೆಯಲ್ಲಿ ನೇರ ಅರ್ಥ ಮಾತ್ರ ಬಲ್ಲವರು ಆ ಭಾಷೆಗೆ ಅತಿಥಿಗಳಾಗಿಯೇ ಉಳಿಯುತ್ತಾರೆ. ಅದರಲ್ಲಿ ಹೋಲಿಕೆ ಕಟ್ಟಬಲ್ಲವರು, ಗಾದೆಯನ್ನು ಪ್ರಶ್ನಿಸಬಲ್ಲವರು ಆ ಮನೆಯ ಮಕ್ಕಳಾಗುತ್ತಾರೆ. ಕನ್ನಡ ಶಾಲೆಗೆ ಬರುವ ಪ್ರತಿ ಮಗುವಿಗೂ, ಅದರ ಮನೆಮಾತು ಯಾವುದೇ ಇರಲಿ, ಆ ಹಕ್ಕು ಒಂದನೇ ತರಗತಿಯಿಂದಲೇ ಸಿಗಬೇಕು.